ಟೊಪ್ಪಿಗೆ ರಾಯರ ಆರಾಧನೆ

ನಮ್ಮ ಮನೆಯಲ್ಲಿ ಅಪ್ಪ ಹಾಡುತ್ತಿದ್ದುದು ಬೀರುವಿನೊಳಗೆ ಕೂತು. ಇದನ್ನು ಹೇಳಿದರೆ ನನ್ನ ಈಗಿನ ಸ್ನೇಹಿತರು ನಗುತ್ತಾರೆ. ಜಪಾನಿನ ನಿಶಿ ಕಸಾಯಿಯ ಆ ಮನೆಯನ್ನು ನೋಡಿದ್ದವರು ಯಾರೂ ನಗಲಾರರು. ಎರಡು ಕೋಣೆ, ಒಂದು ಅಡುಗೆಮನೆ, ಅಡುಗೆಮನೆಗೇ ಅಂಟಿಕೊಂಡ ಊಟದ ಜಾಗ, ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಕೋಣೆಗಳ ನಡುವೆ ಇದ್ದದ್ದು ಗೋಡೆಯಲ್ಲ, ಕಾಗದ ಅಂಟಿಸಿದ ಜಾರುಬಾಗಿಲು. ಈ ಕಡೆಯವರು ಸೀನಿದರೆ ಆ ಕಡೆಯವರು ಚಿರಂಜೀವಿ ಎನ್ನಬಹುದಿತ್ತು. ಚಾಪೆ ಹಾಸಿದ ಒಳಕೋಣೆಯಲ್ಲಿ, ಹಗಲು ಹೊತ್ತು ಹಾಸಿಗೆ ಮಡಿಸಿಡುವುದಕ್ಕೆಂದು ಗೋಡೆಯೊಳಗೇ ಆಳವಾದ ಬೀರುವೊಂದಿತ್ತು. ನಡುವೆ ದಪ್ಪ ಹಲಗೆ, ಮೇಲೊಂದು ಗೂಡು, ಕೆಳಗೊಂದು ಗೂಡು. ಕಟ್ಟಡದಲ್ಲಿ ವಾದ್ಯ ನುಡಿಸಕೂಡದೆಂಬ ನಿಯಮವಿತ್ತು. ಅಪ್ಪ ನಿಯಮ ಮುರಿಯುವ ಜಾತಿಯವನಲ್ಲ, ಹಾಗೆಂದು ಗಿಟಾರ್ ಬಿಡುವವನೂ ಅಲ್ಲ. ಹಾಸಿಗೆಗಳನ್ನೆಲ್ಲ ಮೇಲಿನ ಗೂಡಿಗೆ ತುರುಕಿ, ಕೆಳಗಿನದರಲ್ಲಿ ತಲೆ ತಗ್ಗಿಸಿಕೊಂಡು ಕೂತು, ಬಾಗಿಲನ್ನು ಮುಕ್ಕಾಲು ಎಳೆದುಕೊಂಡು, ಕೂಸು ಮಲಗಿರುವ ಮನೆಯಲ್ಲಿ ಹಾಡುವವನಂತೆ ಮೆತ್ತಗೆ ಹಾಡುತ್ತಿದ್ದ. ಹಾಡುಗಳೆಲ್ಲ ಅಮೆರಿಕದ ಹಳ್ಳಿಗಾಡಿನವು, ಕಂಟ್ರಿ ಮ್ಯೂಸಿಕ್ ಅನ್ನುತ್ತಾರಲ್ಲ, ಅವು. ನಾನು ಹೊರಗೆ ಚಾಪೆಯ ಮೇಲೆ ಬೋರಲು ಮಲಗಿ ಹೋಂವರ್ಕ್ ಮಾಡುತ್ತಿದ್ದೆ. ಎಲ್ಲರ ಮನೆಯಲ್ಲೂ ಅಪ್ಪಂದಿರು ಬೀರುವಿನಲ್ಲಿ ಹಾಡುತ್ತಾರೆ ಎಂದೇ ಬಹಳ ಕಾಲ ನಂಬಿದ್ದೆ.

ಅಜ್ಜಿ ಬಂದ ಮೇಲೆ ಆ ಹಾಡು ನಿಂತುಹೋಯಿತು. ಅಜ್ಜಿಯೆಂದರೆ ಅಪ್ಪನ ಅಮ್ಮ. ಮೈಸೂರಿನಲ್ಲಿ ಮನೆಯ ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಸಂಗೀತ ಹೇಳಿಕೊಡುತ್ತಿದ್ದವಳು, ಚೆರ್ರಿ ಹೂ ನೋಡಿಕೊಂಡು ಹೋಗುತ್ತೇನೆಂದು ಬಂದಿದ್ದಳು. ಹೂವೇನೋ ಅರಳಿತು, ಉದುರಿತು. ಅಷ್ಟರಲ್ಲಿ ಕೊರೊನಾ ಬಂದು ವಿಮಾನಗಳು ನಿಂತವು. ಮಾಸ್ಕ್ ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತು ಎದುರಿನ ಮರ ನೋಡುತ್ತಾ, ಮೈಸೂರಿನ ತಂಗಿಗೆ ಫೋನಿನಲ್ಲಿ ಅವಳು ಹೇಳುತ್ತಿದ್ದುದು ನನಗೆ ಈಗಲೂ ಕೇಳಿಸುತ್ತದೆ:

"ಏನು ಮಾಡ್ಲೇ? ಹೂ ನೋಡೋಕೆ ಅಂತ ಬಂದು ಕಾಯಿ, ಎಲೆ, ಒಣಗಿದ ಕಡ್ಡಿ, ಎಲ್ಲಾ ನೋಡೋ ಹಾಗಾಯ್ತು."

ಆಗ ನಾನು ಇಲ್ಲಿನ ಜಪಾನಿ ಶಾಲೆಯಲ್ಲಿ ನಾಲ್ಕನೆಯ ತರಗತಿ. ಶಾಲೆ ಕೆಲವು ದಿನ ಮುಚ್ಚುತ್ತಿತ್ತು, ಕೆಲವು ದಿನ ತೆರೆಯುತ್ತಿತ್ತು. ಅಪ್ಪನ ಆಫೀಸು ಒಳಕೋಣೆಯ ಮಡಿಸುವ ಮೇಜಿಗೆ ಬಂದಿತ್ತು. ಅಮ್ಮ ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಪುಟ್ಟ ಮಕ್ಕಳಿಗೆ ಟೀಚರ್. ಅವಳು ಊಟದ ಮೇಜಿನ ಮುಂದೆ ಕೂತು ಲ್ಯಾಪ್‌ಟಾಪಿನ ಕಡೆ ಕೈ ಬೀಸುತ್ತಾ ಆನೆ, ಇಲಿ ಎಲ್ಲವೂ ಆಗುತ್ತಿದ್ದಳು. ಹೊರಕೋಣೆಯನ್ನು ಅಜ್ಜಿಗೆ ಬಿಟ್ಟುಕೊಟ್ಟಿದ್ದೆವು. ನನಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಜಪಾನಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತಿತ್ತು. ಅಜ್ಜಿ ಇದಕ್ಕೊಂದು ಉಪಾಯ ಮಾಡಿದಳು. ಅನ್ನಕ್ಕೆ ತುಪ್ಪ ಬೇಕಾದರೆ ಕನ್ನಡದಲ್ಲೇ ಕೇಳಬೇಕು, ಅದೂ ಪೂರ್ತಿ ವಾಕ್ಯದಲ್ಲಿ. ಇಂಗ್ಲಿಷಿನಲ್ಲಿ ಕೇಳಿದ ದಿನ ಒಣ ಅನ್ನ. ಇವತ್ತು ಈ ಸಾಲುಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂದರೆ ಅದು ಆ ತುಪ್ಪದ ಋಣ. ಊಟದ ಹೊತ್ತಿಗೆ ನಾಲ್ವರೂ ಆ ಪುಟ್ಟ ಮೇಜಿನ ಸುತ್ತ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರುತ್ತಿದ್ದೆವು. ಇಲ್ಲಿನ ಟೊಮೆಟೊಗಳಿಗೆ ಹುಳಿಯೇ ಇಲ್ಲ, ಇಲ್ಲಿನ ಜನರ ಹಾಗೆ ಬರೀ ನಯ ಎಂದು ಅಜ್ಜಿ ದೂರುತ್ತಾ ಸಾರಿಗೆ ಇನ್ನಷ್ಟು ಹುಣಸೆಹಣ್ಣು ಕಿವುಚುತ್ತಿದ್ದಳು. ಇಂಗಿನ ಒಗ್ಗರಣೆ ಚಟಪಟ ಎಂದ ಕೂಡಲೇ ಅಮ್ಮ ಓಡಿಹೋಗಿ ಕಿಟಕಿ ಮುಚ್ಚುವಳು, ಅತ್ತೆ ಸೊಸೆಯರಿಗೆ ಅಲ್ಲಿಂದ ಶುರು.

"ಬಾಗಿಲು ಮುಚ್ಕೊಂಡು ತಿನ್ನೋಕೆ ಇದೇನು ಕದ್ದ ಮಾಲೇನೇ?"

"ಪಕ್ಕದ ಮನೆಯವರಿಗೆ ವಾಸನೆ ಹೋಗುತ್ತೆ ಅತ್ತೆ."

"ಅವರೇನಾದ್ರೂ ಹೇಳಿದ್ರಾ?"

"ಹೇಳಲ್ಲ ಅತ್ತೆ. ಇಲ್ಲಿ ಯಾರೂ ಏನೂ ಹೇಳಲ್ಲ. ಅದಕ್ಕೇ ಭಯ."

ಇಷ್ಟೆಲ್ಲ ಸದ್ದು ಗದ್ದಲದ ನಡುವೆ ಇಲ್ಲದಿದ್ದದ್ದು ಅಪ್ಪನ ಹಾಡು. ಗಿಟಾರ್ ಬೀರುವಿನ ಮೂಲೆಯಲ್ಲಿ ದಿಂಬುಗಳ ಹಿಂದೆ ಮುಖ ತಿರುಗಿಸಿ ನಿಂತಿತ್ತು. ಯಾಕೆಂದು ನನಗೆ ಹೇಳಿದವಳು ಅಮ್ಮ, ಒಂದು ಮಧ್ಯಾಹ್ನ ಹುರುಳಿಕಾಯಿ ಸೋಸುತ್ತಾ. ಅಪ್ಪನಿಗೆ ಸಂಗೀತದ ಮೊದಲ ಪಾಠ ಅಜ್ಜಿಯದೇ. ಹುಡುಗನಾಗಿದ್ದಾಗ ಅವನ ಕಂಠ ಕೇಳಿ ಬೀದಿಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಲ್ಲುತ್ತಿದ್ದರಂತೆ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಯಾರದೋ ಕ್ಯಾಸೆಟ್ಟಿನಿಂದ ಈ ಅಮೆರಿಕದ ಹಾಡುಗಳ ಹುಚ್ಚು ಹಿಡಿಯಿತು. ರಜೆಗೆ ಬಂದವನು ಅಜ್ಜಿಯ ತಂಬೂರಿಯ ಪಕ್ಕದಲ್ಲೇ ಕೂತು ಗಿಟಾರ್ ಮೀಟಿ ಒಂದು ಹಾಡು ಶುರು ಮಾಡಿದ. ಅಜ್ಜಿ ಅರ್ಧಕ್ಕೇ ಎದ್ದಳು. ಇನ್ನು ಮೇಲೆ ನನ್ನ ಕಿವಿಗೆ ಬೀಳುವ ಹಾಗೆ ಹಾಡಬೇಡ ಎಂದಳು. ಅವನು ಹಾಡಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಅವಳ ಎದುರಿಗೆ ಒಂದು ಸಾಲು ಗುನುಗಿಲ್ಲ, ದೇವರನಾಮವನ್ನು ಕೂಡ. ಹಠದಲ್ಲಿ ಅಮ್ಮನಿಗೆ ತಕ್ಕ ಮಗ. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಅವಳಿಗೆ ಬಿಗುಮಾನ, ಕೇಳಿಕೊಳ್ಳಲು ಇವನಿಗೆ.

"ನಿಮ್ಮಪ್ಪಂಗೆ ಊರೆಲ್ಲಾ ಚಪ್ಪಾಳೆ ತಟ್ಟಿದ್ರೂ ಸಾಲಲ್ಲ ಕಣೇ ಪುಟ್ಟಿ. ಅವರಮ್ಮ ಒಂದೇ ಒಂದು ಸಲ ಎದುರಿಗೆ ಕೂತು ಪೂರ್ತಿ ಕೇಳ್ಬೇಕು. ಅಷ್ಟೇ ಬೇಕಾಗಿರೋದು."

ಮಕ್ಕಳಿಗೆ ಇಂಥ ಮಾತು ಹೇಳಬಾರದು. ಆಮೇಲೆ ಅವು ದೊಡ್ಡವರ ಮುಖವನ್ನೇ ನೋಡುತ್ತಾ ಕೂರುತ್ತವೆ. ನಾನು ಊಟಕ್ಕೆ ಕೂತಾಗಲೆಲ್ಲ ಅಪ್ಪನ ಗಂಟಲನ್ನು ನೋಡುತ್ತಿದ್ದೆ, ಅಜ್ಜಿಯ ಕಿವಿಯನ್ನು ನೋಡುತ್ತಿದ್ದೆ. ಇಬ್ಬರ ನಡುವೆ ಉಪ್ಪಿನಕಾಯಿ ಬಾಟಲಿ ಮಾತ್ರ ಆ ಕಡೆ ಈ ಕಡೆ ಓಡಾಡುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಅಪ್ಪ ಉಪ್ಪಿಟ್ಟಿನ ತಟ್ಟೆಯ ಪಕ್ಕದಲ್ಲಿದ್ದ ಫೋನ್ ನೋಡಿದವನೇ ಅಳಲು ಶುರು ಮಾಡಿದ. ಕಣ್ಣು ಒದ್ದೆಯಾದದ್ದಲ್ಲ, ಹೆಗಲು ಅಲ್ಲಾಡುವ ಅಳು. ಅಮ್ಮ ಒಲೆ ಆರಿಸಿದಳು. ಸುದ್ದಿ ಮೈಸೂರಿನಿಂದಲೇ ಬಂದಿದೆಯೆಂದುಕೊಂಡಳು ಅಜ್ಜಿ.

"ಯಾರೋ? ಯಾರು ಹೋದ್ರೋ ಶ್ರೀಧರ? ನಮಗೆ ಮೈಲಿಗೆ ಇದೆಯಾ, ಸ್ನಾನಕ್ಕೆ ನೀರು ಬಿಡ್ಲಾ?"

"ಇಲ್ಲಮ್ಮ, ನಮ್ಮೋರಲ್ಲ. ಅಮೆರಿಕದೋರು. ಹಾಡು ಬರೀತಿದ್ರು."

"ನಮ್ಮೋರಲ್ಲ ಅಂದ್ಮೇಲೆ ಇದೇನೋ ಅಳು? ನಿಮ್ಮಪ್ಪ ಹೋದಾಗಲೂ ನೀನು ಹೀಗೆ ಅಳಲಿಲ್ಲವಲ್ಲೋ."

ಅಪ್ಪ ಅಂಗೈಯಲ್ಲಿ ಮುಖ ಒರೆಸಿಕೊಂಡ. ಅಜ್ಜಿಯೇ ಮತ್ತೆ ಕೇಳಿದಳು, ಹಾಡೋನಾ ಅಂತ. ಅಲ್ಲ, ಹಾಡೋರು ಬೇರೆ, ಇವರು ಮಾತು ಬರೆದು ಮಟ್ಟು ಹಾಕಿ ಕೊಡ್ತಿದ್ರು, ಬೇರೆಯವರು ಹಾಡಿ ಹೆಸರು ಮಾಡ್ಕೊಂಡ್ರು, ಬರೆದೋರು ಯಾರು ಅಂತ ಎಷ್ಟೋ ಜನಕ್ಕೆ ಗೊತ್ತೂ ಇಲ್ಲ ಎಂದು ಅಪ್ಪ ಹೇಳಿದ. ಇಷ್ಟು ಉದ್ದದ ಮಾತನ್ನು ಅವನು ಸಂಗೀತದ ವಿಷಯವಾಗಿ ಅಜ್ಜಿಯ ಹತ್ತಿರ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮಾತೂ ಅವನದೇ, ಮಟ್ಟೂ ಅವನದೇ? ವಾಗ್ಗೇಯಕಾರ ಅನ್ನು ಮತ್ತೆ," ಎಂದಳು ಅಜ್ಜಿ.

ಫೋನಿನಲ್ಲಿ ಆತನ ಚಿತ್ರ ತೋರಿಸಿದೆವು. ಬಿಳಿ ಗಡ್ಡದ ಮುದುಕರು, ಅಗಲವಾದ ಅಂಚಿನ ಟೊಪ್ಪಿಗೆ, ಅದರ ನೆರಳಲ್ಲಿ ನಗುವ ಕಣ್ಣು. ಅಜ್ಜಿಯ ನಾಲಗೆಗೆ ಆ ಹೆಸರು ಹೊರಳಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಅವರು ಟೊಪ್ಪಿಗೆ ರಾಯರು.

ಸುದ್ದಿ ಕಳಿಸಿದವರು ಮೊರಿತಾ ಸಾನ್. ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ಅಮೆರಿಕಕ್ಕೆ ಒಮ್ಮೆಯೂ ಹೋದವರಲ್ಲ, ಆದರೆ ಅಲ್ಲಿನ ಯಾವ ಹಾಡಿನಲ್ಲಿ ಯಾವ ನದಿ ಬರುತ್ತದೆಂದು ಹೇಳಬಲ್ಲವರು. ಅವರದೊಂದು ಅಭಿಮಾನಿಗಳ ಪುಟ್ಟ ಗುಂಪು. ಎಡೋಗಾವಾದ ಒಂದು ನೆಲಮಾಳಿಗೆಯಲ್ಲಿ ತಿಂಗಳಿಗೊಮ್ಮೆ ಸೇರಿ, ಬೂಟು ಟೊಪ್ಪಿಗೆ ಹಾಕಿಕೊಂಡು ಹಾಡುತ್ತಿದ್ದರು. ಗುಂಪಿನಲ್ಲಿ ಅಪ್ಪನೊಬ್ಬನೇ ಹೊರಗಿನವನು. ನೆಲಮಾಳಿಗೆಗೆ ಈಗ ಬೀಗ ಬಿದ್ದಿತ್ತು. ರಾಯರ ಊರಿನಲ್ಲೂ ಎಲ್ಲ ಮುಚ್ಚಿ, ನಾಲ್ಕು ಜನ ಮಾತ್ರ ನಿಂತು ಮಣ್ಣು ಮಾಡುತ್ತಾರಂತೆ. ನಾವಾದರೂ ಕೂಡೋಣ, ಕಂಪ್ಯೂಟರಿನ ಮೇಲಾದರೂ ಸರಿ ಎಂದು ಮೊರಿತಾ ಸಾನ್ ಆ ಸಂಜೆ ವಿಡಿಯೋ ಕರೆ ಮಾಡಿದರು. ಅಜ್ಜಿ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, ಏನಂತಾರೆ ಹೇಳೇ, ಅಂದಳು. ನಾನು ಜಪಾನಿಯಿಂದ ಕನ್ನಡಕ್ಕೆ ಒಂದು ಮಾತೂ ಬಿಡದೆ ದಾಟಿಸಿದೆ. ಎಲ್ಲರೂ ಸೇರಿ ಅವರ ಹಾಡು ಹಾಡ್ತಾರಂತೆ ಅಜ್ಜಿ, ಎಂದೆ. ಅದಕ್ಕೆ ಆರಾಧನೆ ಅಂತಾರೆ, ಎಂದಳು ಅಜ್ಜಿ. ಒಟ್ಟಿಗೆ ಹಾಡಿದ್ರೆ ಕಂಪ್ಯೂಟರಲ್ಲಿ ಹಿಂದೆ ಮುಂದೆ ಆಗಿ ಗೋಜಲಾಗುತ್ತಂತೆ, ಅದಕ್ಕೆ ಒಬ್ಬರು ಹಾಡ್ತಾರಂತೆ, ಮಿಕ್ಕವರು ಮೈಕ್ ಮುಚ್ಕೊಂಡು ಅವರವರ ಮನೆಯಲ್ಲೇ ಜೊತೆಗೆ ಹಾಡ್ತಾರಂತೆ. ಅಪ್ಪನೇ ಹಾಡಬೇಕಂತೆ. ಅಪ್ಪ, ನಮ್ಮ ಮನೇಲಿ ಹಾಡೋ ಹಾಗಿಲ್ಲ, ಕ್ಷಮಿಸಿ ಅಂತಿದ್ದಾನೆ.

ಇದನ್ನೂ ದಾಟಿಸಿಬಿಟ್ಟೆ. ಮೊರಿತಾ ಸಾನ್ ಅದನ್ನು ಕಟ್ಟಡದ ನಿಯಮವೆಂದು ತಿಳಿದುಕೊಂಡು, ಹೌದಲ್ಲವೇ, ಸುಮಿಮಾಸೆನ್, ಕ್ಷಮಿಸಿ ಎಂದು ತಲೆಬಾಗಿಸಿದರು. ಅಜ್ಜಿಗೆ ಯಾವ ನಿಯಮವೆಂದು ಚೆನ್ನಾಗಿ ಗೊತ್ತಿತ್ತು. ಅವಳು ಎದ್ದು ತನ್ನ ಕೋಣೆಗೆ ಹೋದಳು. ಮಾರನೆಯ ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟು, ಅಪ್ಪನ ಮುಖ ನೋಡದೆ, ಸಕ್ಕರೆ ಡಬ್ಬಿಗೆ ಹೇಳುವವಳಂತೆ ಹೇಳಿದಳು:

"ಆರಾಧನೆಗೆ ಅಡ್ಡ ಬಂದ ಪಾಪ ನನಗೆ ಬೇಡಪ್ಪ. ಹಾಡ್ಕೋ. ನಾನು ನನ್ನ ಕೋಣೇಲಿ ಬಾಗಿಲು ಹಾಕ್ಕೊಂಡು ಕೂತಿರ್ತೀನಿ. ಆದ್ರೆ ಮಾಡೋದಾದ್ರೆ ಕ್ರಮವಾಗಿ ಮಾಡು, ಕಾಟಾಚಾರಕ್ಕೆ ಬೇಡ."

ಕ್ರಮವೆಂದರೆ ಅಜ್ಜಿಯ ಕ್ರಮ. ಟೊಪ್ಪಿಗೆ ರಾಯರ ಚಿತ್ರವನ್ನು ಕೊಂಬಿನಿಯ ಯಂತ್ರದಲ್ಲಿ ಅಚ್ಚು ಹಾಕಿಸಿ ತಂದೆವು, ಅಂದರೆ ರಸ್ತೆ ತಿರುವಿನ ಆ ಸದಾ ತೆರೆದಿರುವ ಅಂಗಡಿಯಲ್ಲಿ. ಸೂಪರ್‌ಮಾರ್ಕೆಟ್ಟಿನ ಸೇವಂತಿಗೆಯನ್ನು ಅಜ್ಜಿ ನನ್ನ ಕರಕುಶಲ ಪೆಟ್ಟಿಗೆಯ ದಾರದಿಂದ ಕಟ್ಟಿದಳು. ಇಲ್ಲಿ ಆ ಹೂ ಸಾವಿನ ಮನೆಯದೇ ಎಂದು ಅಮ್ಮ ಹೇಳಿದಾಗ, ಸರಿಯಾಯ್ತಲ್ಲ ಮತ್ತೆ, ಎಂದಳು. ನೈವೇದ್ಯಕ್ಕೆ ಏನು ಮಾಡುವುದು, ಅವರು ಏನು ತಿನ್ನುತ್ತಿದ್ದರು ಎಂದು ವಿಚಾರಣೆಯಾಯಿತು. ಅಲ್ಲಿನವರು ಅಲಸಂದೆ ಕಾಳು ಬೇಯಿಸಿ ತಿನ್ನುತ್ತಾರೆ ಎಂದು ಅಪ್ಪ ಹೇಳಿದ್ದೇ ತಡ, ಅಜ್ಜಿಯ ಮುಖ ಅರಳಿತು. ಅಲಸಂದೆ ತಿನ್ನುವವರಾದರೆ ಒಳ್ಳೆಯ ಮನೆತನವೇ ಇರಬೇಕು. ಅಮ್ಮ ನಿಲ್ದಾಣದ ಹತ್ತಿರದ ಭಾರತೀಯ ಅಂಗಡಿಯಿಂದ ಕಾಳು ತಂದಳು, ಉಸಲಿಯಾಯಿತು. ಹೊರಗೆ ಜಗತ್ತು ಒಬ್ಬರನ್ನೊಬ್ಬರು ಮುಟ್ಟಲು ಹೆದರುತ್ತಿತ್ತು, ನಾವು ನಾಲ್ವರು ಆ ಅಂಗೈಯಗಲದ ಅಡುಗೆಮನೆಯಲ್ಲಿ, ಎಂದೂ ಕಾಣದ ಒಬ್ಬ ಅಮೆರಿಕದ ಮುದುಕರಿಗಾಗಿ ತೆಂಗಿನಕಾಯಿ ತುರಿಯುತ್ತಿದ್ದೆವು. ಅದಕ್ಕಿಂತ ದೊಡ್ಡ ಮನೆಗಳಲ್ಲಿ ಆಮೇಲೆ ವಾಸ ಮಾಡಿದ್ದೇನೆ, ಅಷ್ಟು ತುಂಬಿದ ಮನೆಯಲ್ಲಿ ಇನ್ನೆಂದೂ ಅಲ್ಲ.

ಆ ಭಾನುವಾರ ಮಧ್ಯಾಹ್ನ ಅಪ್ಪ ಹಾಸಿಗೆಗಳನ್ನು ಮೇಲಿನ ಗೂಡಿಗೆ ಏರಿಸಿ, ಕೆಳಗಿನದರಲ್ಲಿ ಗಿಟಾರ್ ಹಿಡಿದು ಕೂತ. ಲ್ಯಾಪ್‌ಟಾಪನ್ನು ಅವನ ಎದುರಿಗೆ ಸ್ಟೂಲಿನ ಮೇಲಿಟ್ಟೆವು, ಪಕ್ಕದ ಮಣೆಯ ಮೇಲೆ ಹಾರ ಹಾಕಿದ ಟೊಪ್ಪಿಗೆ ರಾಯರು. ಪರದೆಯ ತುಂಬ ಪುಟ್ಟ ಪುಟ್ಟ ಚೌಕಗಳು, ಒಂದೊಂದರಲ್ಲೂ ಒಂದು ಟೊಪ್ಪಿಗೆ, ಅದರ ಕೆಳಗೆ ಒಬ್ಬ ಜಪಾನಿ ಅಜ್ಜನೋ ಅಜ್ಜಿಯೋ, ಗಂಭೀರವಾಗಿ. ಮೊದಲು ಮೊರಿತಾ ಸಾನ್ ನಾಲ್ಕು ಮಾತಾಡಿದರು. ಅಜ್ಜಿ ಚಿತ್ರಕ್ಕೆ ಮಂಗಳಾರತಿ ಎತ್ತಿದಳು. ಅವಳು ಗಂಟೆ ಬಾರಿಸತೊಡಗಿದಾಗ, ಆ ಸದ್ದು ವಯಸ್ಸಾದವರ ಕಿವಿಗೆ ಬಡಿಯಬಾರದೆಂದು ಅಪ್ಪ ಕೈಚಾಚಿ ನಮ್ಮ ಮೈಕನ್ನು ಮುಚ್ಚಿದ. ಆರತಿ ಮುಗಿಯಿತು. ಅಜ್ಜಿ ತನ್ನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಅಪ್ಪ ಕಣ್ಣು ಮುಚ್ಚಿ ಹಾಡಲು ಶುರು ಮಾಡಿದ.

ಅದು ತನ್ನ ಮನೆ ಮಾರಿದವನೊಬ್ಬನ ಹಾಡು. ಲಾರಿ ಓಡಿಸಿಕೊಂಡು ಹೋಗುವಾಗ ಆ ಮನೆಯ ಮುಂದೆ ನಿಲ್ಲಿಸುತ್ತಾನೆ. ಅಂಗಳದ ಹಗ್ಗದ ಮೇಲೆ ಬೇರೆ ಯಾರದೋ ಬಟ್ಟೆ ಒಣಗುತ್ತಿದೆ, ಅದರಲ್ಲಿ ಮಗುವಿನ ಪುಟ್ಟ ಅಂಗಿಯೂ ಇದೆ. ನೋಡಿ, ಇಳಿಯದೆ, ಹೊರಟುಹೋಗುತ್ತಾನೆ. ಇಷ್ಟೇ. ಎಷ್ಟೋ ತಿಂಗಳು ಅದುಮಿಟ್ಟಿದ್ದ ಕಂಠ ಮೊದಲು ಒಡೆಯಿತು, ಆಮೇಲೆ ದಾರಿ ಹಿಡಿಯಿತು. ಪರದೆಯ ಮೇಲೆ ಎಲ್ಲರ ತುಟಿಗಳೂ ಸದ್ದಿಲ್ಲದೆ ಆಡುತ್ತಿದ್ದವು. ಎರಡನೆಯ ಚರಣದ ಹೊತ್ತಿಗೆ ಜಾರುಬಾಗಿಲು ಸರಿದ ಸದ್ದಾಯಿತು. ಅಜ್ಜಿ ಬಂದು ಚಾಪೆಯ ಮೇಲೆ, ಬೀರುವಿಗೆ ನೇರ ಎದುರಾಗಿ ಕೂತಳು. ಅದೇ ಕ್ಷಣದಲ್ಲಿ ನನ್ನ ಕಣ್ಣಿಗೆ ಬಿತ್ತು: ಪರದೆಯ ಮೂಲೆಯಲ್ಲಿ ನಮ್ಮ ಮೈಕಿನ ಮೇಲೆ ಕೆಂಪು ಗೆರೆ. ಗಂಟೆಗೆಂದು ಮುಚ್ಚಿದ್ದನ್ನು ಅಪ್ಪ ತೆರೆದಿರಲಿಲ್ಲ. ಅವನ ಹಾಡು ಆ ಕೋಣೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ನಾನು ಏಳಹೊರಟೆ. ಅಮ್ಮ ನನ್ನ ತೋಳು ಹಿಡಿದಳು. ಅವಳೂ ನೋಡಿದ್ದಳು, ನನಗಿಂತ ಮೊದಲೇ. ಅಜ್ಜಿಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಬೇಡ ಎಂದು ತಲೆಯಾಡಿಸಿದಳು. ಅವಳ ಹಿಡಿತ ನೋಯುವಷ್ಟು ಬಿಗಿಯಾಗಿತ್ತು.

ಹಾಡು ಮುಗಿಯಿತು. ಪರದೆಯ ಮೇಲಿನ ಟೊಪ್ಪಿಗೆಗಳೆಲ್ಲ ತಗ್ಗಿ ನಮಸ್ಕರಿಸಿದವು. ಅಪ್ಪ ಕಣ್ಣು ತೆರೆದ. ಮೊದಲು ಕಂಡದ್ದು ಎದುರಿಗೆ ಕೂತಿದ್ದ ಅಜ್ಜಿ, ಆಮೇಲೆ ಕೆಂಪು ಗೆರೆ. ಮೈಕ್ ತೆರೆದು, ಸುಮಿಮಾಸೆನ್, ಸುಮಿಮಾಸೆನ್, ನಿಮಗೆ ಏನೂ ಕೇಳಿಸಲಿಲ್ಲವೇ, ಯಾಕೆ ಯಾರೂ ಹೇಳಲಿಲ್ಲ ಎಂದು ತೊದಲಿದ. ಟೊಪ್ಪಿಗೆಗಳು ಒಂದನ್ನೊಂದು ನೋಡಿಕೊಂಡವು. ಒಬ್ಬರು ತಮ್ಮ ಕಂಪ್ಯೂಟರೇ ಕೆಟ್ಟಿದೆ ಎಂದುಕೊಂಡಿದ್ದರಂತೆ. ಇನ್ನೊಬ್ಬರು ತಮ್ಮ ಕಿವಿಯ ಯಂತ್ರದ ಬ್ಯಾಟರಿ ಬದಲಿಸಿದರಂತೆ. ಕೊನೆಗೆ ಮೊರಿತಾ ಸಾನ್ ಹೇಳಿದ್ದನ್ನು ನಾನೇ ಅಜ್ಜಿಗೆ ದಾಟಿಸಿದೆ:

"ನಮ್ಮಲ್ಲಿ ಸತ್ತವರಿಗಾಗಿ ಮೌನವಾಗಿ ನಿಲ್ತೀವಿ. ನಿಮ್ಮ ದೇಶದಲ್ಲಿ ಮೌನವಾಗಿ ಹಾಡೋ ಪದ್ಧತಿ ಇರಬಹುದು ಅಂದ್ಕೊಂಡ್ವಿ. ನಿಮ್ಮ ಕೈ ನೋಡ್ಕೊಂಡು ನಾವೆಲ್ಲಾ ಹಾಡಿದ್ವಿ. ತುಂಬ ಚೆನ್ನಾಗಿತ್ತು."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಅಪ್ಪ ಮಾತ್ರ ನಗಲಿಲ್ಲ. ಅವನು ಅಜ್ಜಿಯನ್ನೇ ನೋಡುತ್ತಿದ್ದ, ಫಲಿತಾಂಶಕ್ಕೆ ಕಾದ ಹುಡುಗನ ಹಾಗೆ. ಅಜ್ಜಿ ಹೊಗಳಲಿಲ್ಲ. ತನ್ನ ಮಕ್ಕಳನ್ನಾಗಲಿ ಶಿಷ್ಯರನ್ನಾಗಲಿ ಅವಳು ಯಾವತ್ತೂ ಹೊಗಳಿದವಳಲ್ಲ.

"ಅವನು ಆ ಬಟ್ಟೆ ನೋಡ್ತಾನಲ್ಲೋ, ಮಗೂದು ಅಂಗಿ, ಅಲ್ಲಿ ಮಧ್ಯದಲ್ಲೇ ಉಸಿರು ಎಳ್ಕೊಂಡ್ಬಿಟ್ಟೆ. ತಪ್ಪು. ಅವನು ನೋಡಿ ಮುಗಿಸ್ಲಿ. ಆಮೇಲೆ ತೊಗೋ. ಎಲ್ಲಿ, ಇನ್ನೊಂದು ಸಲ ಹಾಡು."

ಇಂಗ್ಲಿಷ್ ಹಾಡಿನಲ್ಲಿ ಆ ಅಂಗಿ ಎಲ್ಲಿ ಬರುತ್ತದೆಂದು ಅವಳಿಗೆ ಹೇಗೆ ತಿಳಿಯಿತು ಎಂದು ಅಪ್ಪ ಕೇಳಲಿಲ್ಲ. ಅಷ್ಟು ದಿನ ನಾನು ದಾಟಿಸಿದ ಮಾತುಗಳಲ್ಲಿ ಆ ಹಾಡಿನ ಅರ್ಥವೂ ಇತ್ತು; ಅವಳೇ ಒಂದೊಂದು ಸಾಲಾಗಿ ಕೇಳಿ ತಿಳಿದುಕೊಂಡಿದ್ದಳು. ಅಪ್ಪ ಅಲ್ಲೇ, ತಲೆಯ ಮೇಲೆ ಹಾಸಿಗೆಗಳನ್ನು ಹೊತ್ತ ಆ ಗೂಡಿನಲ್ಲೇ, ಬಾಗಿ ಅವಳ ಕಾಲು ಮುಟ್ಟಲು ಹೋಗಿ ಗಿಟಾರನ್ನು ಬಾಗಿಲಿಗೆ ಬಡಿದ. ಆಮೇಲೆ, ಮೈಕ್ ತೆರೆದೇ ಇದೆಯೆಂದು ನೋಡಿಕೊಂಡು, ಎರಡನೆಯ ಸಲ ಹಾಡಿದ. ಅಜ್ಜಿ ತೊಡೆಯ ಮೇಲೆ ತಾಳ ಹಾಕಿದಳು. ಅಂಗಿಯ ಸಾಲು ಬಂದಾಗ ಅವಳ ಬೆರಳು ಮೇಲೆದ್ದು ನಿಂತಿತು. ಅಪ್ಪ ಉಸಿರು ಹಿಡಿದ. ಬೆರಳು ಇಳಿದ ಮೇಲೆ ಉಸಿರಾಡಿದ.

ಚಳಿಗಾಲದಲ್ಲಿ ವಿಶೇಷ ವಿಮಾನ ಸಿಕ್ಕಿ ಅಜ್ಜಿ ಮೈಸೂರಿಗೆ ಹೋದಳು. ಅಲ್ಲಿಯವರೆಗೆ ಅಪ್ಪ ದಿನವೂ ಹಾಡಿದ, ಅವಳು ದಿನವೂ ತಿದ್ದಿದಳು. ಮತ್ತೆ ಅವಳು ಬರಲಿಲ್ಲ. ಕೊರೊನಾದ ಮುಂದಿನ ಅಲೆಯಲ್ಲಿ ತೀರಿಕೊಂಡಳು, ನಾವು ಯಾರೂ ಹತ್ತಿರವಿರಲಿಲ್ಲ. ಆ ಮನೆಯನ್ನು ಬಿಟ್ಟು ಎಷ್ಟೋ ಕಾಲವಾಯಿತು. ಅಪ್ಪ ಅಮ್ಮ ಈಗ ಮೈಸೂರಿನಲ್ಲಿದ್ದಾರೆ, ನಾನು ಕೆಲಸದ ನಿಮಿತ್ತ ಇಲ್ಲೇ, ಜಪಾನಿನ ಸಗಮಿಹಾರಾದಲ್ಲಿ. ಎರಡನೆಯ ಸಲದ ಹಾಡನ್ನು ಮೊರಿತಾ ಸಾನ್ ರೆಕಾರ್ಡ್ ಮಾಡಿಕೊಂಡಿದ್ದರು, ನನ್ನ ಹತ್ತಿರವೂ ಇದೆ, ಎಷ್ಟು ಸಲ ಬೇಕಾದರೂ ಕೇಳಬಹುದು. ನನಗೆ ಬೇಕಾಗಿರುವುದು ಅದಲ್ಲ. ನಾಲ್ಕೇ ಜನ ಇದ್ದ ಕೋಣೆಯನ್ನು ದಾಟಿ ಹೋಗದ ಆ ಮೊದಲನೆಯದು ಬೇಕು. ಹೋದ ಸಲ ಮೈಸೂರಿಗೆ ಹೋದಾಗ ಅಪ್ಪನನ್ನು ಕೇಳಿಯೇಬಿಟ್ಟೆ, ಅವತ್ತಿನ ಹಾಗೆ ಒಂದು ಸಲ ಹಾಡಪ್ಪ, ಆ ತಪ್ಪು ಉಸಿರಿನ ಸಮೇತ ಎಂದು. ಅವನು ನಕ್ಕು ಗಿಟಾರ್ ತಂದು ಕೂತ. ಮನಸ್ಸಿಟ್ಟು ಪ್ರಯತ್ನಿಸಿದ. ಅಂಗಿಯ ಸಾಲು ಬಂತು, ಉಸಿರು ತಾನಾಗಿಯೇ ನಿಂತಿತು. ಮತ್ತೆ ಹಾಡಿದ, ಮತ್ತೆ ನಿಂತಿತು. ಗಿಟಾರ್ ಪಕ್ಕಕ್ಕಿಟ್ಟು ಹೇಳಿದ:

"ಆಗಲ್ಲ ಪುಟ್ಟಿ. ನಮ್ಮಮ್ಮ ತಿದ್ದಿಬಿಟ್ಟಿದ್ದಾಳೆ."